ಮೆಣಸಿನ ರಾಣಿಯ ಕೈಗೆ ದುರ್ಬೀನು ಕೊಟ್ಟವರು ಯಾರು?

ದುರ್ಬೀನು ಬಳಕೆಗೆ ಬಂದದ್ದು 1608ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದದ್ದು 1606ರ ಸುಮಾರಿಗೆ. ಹಾಗಾಗಿ ರಾಣಿ ಬುರುಜಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಹಿತ್ತಾಳೆಯ ಕೊಳವೆಯೊಳಗಿಂದ ಪೋರ್ಚುಗೀಸರ ಹಡಗು ನೋಡುವ ದೃಶ್ಯವನ್ನು ಸಿನಿಮಾಕ್ಕೆಂದು ಯಾರಾದರೂ ಬರೆದರೆ, ಅದು ಎಷ್ಟೇ ಚೆಂದ ಮೂಡಿದರೂ ನಡೆದಿರಲಾರದ ದೃಶ್ಯ. ಆ ಹಡಗಿನಲ್ಲಿ ಕಪ್ತಾನ ಗಾಲಿಯಂಥ ಚಕ್ರ ತಿರುಗಿಸುತ್ತಿದ್ದರೆ ತಪ್ಪು ಇನ್ನೂ ದೊಡ್ಡದು. ಚುಕ್ಕಾಣಿಗೆ ಚಕ್ರ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಅದಕ್ಕೆ ಮೊದಲು ಉದ್ದನೆಯ ಮರದ ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ತಳ್ಳಿ ಹಡಗು ತಿರುಗಿಸುತ್ತಿದ್ದರು.

ಇಂಥ ತಪ್ಪುಗಳನ್ನು ಹಿಡಿಯುವುದು ಸುಲಭ. ಚಿತ್ರ ಬಿಡುಗಡೆಯಾದ ವಾರದೊಳಗೆ ಜಾಲತಾಣಗಳಲ್ಲಿ ಪಟ್ಟಿಯೇ ತಯಾರಾಗಿರುತ್ತದೆ: ಕೈಗಡಿಯಾರ ಕಂಡಿತು, ವಿದ್ಯುತ್ ತಂತಿ ಕಂಡಿತು, ಕುದುರೆಯ ಜೀನು ಇಂಗ್ಲಿಷರದ್ದು. ಹಿಡಿಯಬೇಕಾದ ತಪ್ಪುಗಳೇ, ಸರಿ. ಆದರೆ ಉತ್ತರ ಕನ್ನಡದ ಇತಿಹಾಸ ತೆರೆಗೆ ಬರುವಾಗ ಆಗುವ ದೊಡ್ಡ ಹಾನಿ ಬೇರೆ ಕಡೆ ಇದೆ. ವಸ್ತು ತಪ್ಪಿದರೆ ಒಂದು ದೃಶ್ಯ ಕೆಡುತ್ತದೆ. ಕಾರಣ ತಪ್ಪಿದರೆ ಯಾರು ಯಾರ ಜೊತೆ ಏಕೆ ಕಾದಾಡಿದರು, ಯಾರು ಯಾರ ಜೊತೆ ಏಕೆ ಕೈಜೋಡಿಸಿದರು ಎಂಬುದೇ ಅಳಿಸಿಹೋಗುತ್ತದೆ. ಬನವಾಸಿಯಿಂದ ಅಂಕೋಲೆಯವರೆಗೆ ಈ ಜಿಲ್ಲೆಯ ಕಥೆಗಳಲ್ಲಿ ಸಿನಿಮಾ ಮೊದಲು ಕತ್ತರಿಸುವುದು ಈ ಕಾರಣವನ್ನೇ.

ಕದಂಬರ ಕಾಲದ ಹಿನ್ನೆಲೆಯ ಕನ್ನಡ ಚಿತ್ರವೊಂದು 2025ರಲ್ಲಿ ದೇಶದಾದ್ಯಂತ ಓಡಿದ ಮೇಲೆ, ಕರಾವಳಿ ಮತ್ತು ಮಲೆನಾಡಿನ ಹಳೆಯ ಅರಸರ ಕಥೆಗಳಿಗೆ ಬೇಡಿಕೆ ಏರಿದೆ. ಮೆಣಸಿನ ರಾಣಿಯ ಹೆಸರು ಎಲ್ಲರ ಬಾಯಲ್ಲಿದೆ. ಮುಂದೆ ಬರುವ ಚಿತ್ರಗಳು ಹೇಗಿರಬೇಕು ಎಂದು ಕೇಳಲು ಇದು ತಕ್ಕ ಹೊತ್ತು.

ವೇಷ ಮತ್ತು ನಂಬಿಕೆ

“ಯಕ್ಷಗಾನದಲ್ಲೂ ಇತಿಹಾಸ ಇಲ್ಲವಲ್ಲ, ಅದನ್ನು ಯಾರೂ ಪ್ರಶ್ನಿಸುವುದಿಲ್ಲವಲ್ಲ” ಎಂಬ ವಾದ ಆಗಾಗ ಕೇಳಿಬರುತ್ತದೆ. ಉತ್ತರ ಕನ್ನಡದ ಪ್ರೇಕ್ಷಕರಿಗೆ ಇದರ ಉತ್ತರ ಗೊತ್ತಿದೆ. ಕಿರೀಟ, ಭುಜಕೀರ್ತಿ, ಚಂಡೆಯ ಪೆಟ್ಟು, ಭಾಗವತರ ಪದ ಎಲ್ಲವೂ ಸೇರಿ ಮೊದಲ ಕ್ಷಣದಲ್ಲೇ ಹೇಳಿಬಿಡುತ್ತವೆ: ಇದು ಪ್ರಸಂಗ, ಇದು ವೇಷ. ಅರ್ಥಧಾರಿ ಆ ರಾತ್ರಿ ತನಗೆ ಹೊಳೆದ ಮಾತನ್ನು ಆಡುತ್ತಾನೆ ಎಂಬುದು ಎದುರು ಕೂತವರಿಗೆಲ್ಲ ತಿಳಿದಿದೆ. ಅಲ್ಲಿ ಯಾರೂ ಮೋಸ ಹೋಗುವುದಿಲ್ಲ.

ಸಿನಿಮಾದ ಒಪ್ಪಂದ ಬೇರೆ. ಬೆವರು, ಕೆಸರು, ತುಕ್ಕು ಹಿಡಿದ ಕತ್ತಿ, ಪಾಚಿಗಟ್ಟಿದ ಗೋಡೆ ತೋರಿಸಿ ‘ಹೀಗೇ ಇತ್ತು’ ಎಂದು ನಂಬಿಸುವುದೇ ಅದರ ಕಸುಬು. ಮೇಲೆ ಇಸವಿ, ಊರಿನ ಹೆಸರು ಮೂಡುತ್ತವೆ. ಹಾಗೆ ನಂಬಿಸಿದ ಮೇಲೆ ‘ಇದು ಬರೀ ಕಲ್ಪನೆ’ ಎನ್ನುವುದು ಅರ್ಧ ಸತ್ಯ. ಮಿರ್ಜಾನ ಕೋಟೆಯ ಮೆಟ್ಟಿಲು ಹತ್ತುವ ಎಷ್ಟೋ ಜನರ ಕಣ್ಣಲ್ಲಿ ಕೋಟೆ ನೋಡುವ ಮೊದಲೇ ಒಂದು ಕೋಟೆ ಇರುತ್ತದೆ.

ಬನವಾಸಿ: ಶಾಸನದ ಮಯೂರ, ತೆರೆಯ ಮಯೂರ

1975ರ ‘ಮಯೂರ’ ಕನ್ನಡಿಗರ ಮನಸ್ಸಿನಲ್ಲಿ ಕದಂಬರ ಚಿತ್ರವನ್ನು ಅಚ್ಚೊತ್ತಿತು. ಬನವಾಸಿಯ ಹೆಸರನ್ನು ಮನೆಮನೆಗೆ ತಲುಪಿಸಿದ ಋಣ ಆ ಚಿತ್ರಕ್ಕೆ ಸಲ್ಲಬೇಕು. ಆದರೆ ಅದರ ಮುಖ್ಯ ತಿರುವೇ ಶಾಸನಕ್ಕೆ ಎದುರಾಗಿದೆ. ಚಿತ್ರದಲ್ಲಿ ಬ್ರಾಹ್ಮಣನಾಗಿ ಬೆಳೆದ ತರುಣ, ತಾನು ನಿಜಕ್ಕೂ ರಾಜವಂಶದ ಕುಡಿ ಎಂದು ಕಂಡುಕೊಳ್ಳುತ್ತಾನೆ. ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುತ್ತಾನೆ.

ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ, 5ನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಬೇರೆಯದನ್ನೇ ಹೇಳುತ್ತದೆ. ಮಾನವ್ಯ ಗೋತ್ರದ ಬ್ರಾಹ್ಮಣ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ದರ್ಭೆ, ಸಮಿತ್ತು, ಹೋಮದ ಸ್ರುಕ್ಕು ಹಿಡಿಯುವ ಕೈಯಲ್ಲಿ ಕತ್ತಿ ಹಿರಿಯುತ್ತಾನೆ. ಶ್ರೀಪರ್ವತದವರೆಗಿನ ಕಾಡು ಹಿಡಿದು, ಬೃಹದ್ಬಾಣರೆಂಬ ಅರಸರಿಂದ ಕಪ್ಪ ಎತ್ತುತ್ತಾನೆ. ಅವನನ್ನು ಮಣಿಸುವುದು ಕಷ್ಟವೆಂದು ಕಂಡ ಪಲ್ಲವರು ಸಂಧಿ ಮಾಡಿಕೊಳ್ಳುತ್ತಾರೆ. ಅವನು ಅವರ ಸೇವೆಗೆ ನಿಲ್ಲುತ್ತಾನೆ, ಅವರು ಪಟ್ಟ ಕಟ್ಟಿ ಪಶ್ಚಿಮ ಸಮುದ್ರದವರೆಗಿನ ನಾಡನ್ನು ಬಿಟ್ಟುಕೊಡುತ್ತಾರೆ.

ಕಥೆಯಾಗಿ ಇದು ಕಳಪೆಯೇ? ಅವಮಾನ, ಕಾಡಿನ ಯುದ್ಧ, ಕೊನೆಗೆ ವೈರಿಯ ಕೈಯಿಂದಲೇ ಕಿರೀಟ. ರಾಜನಾಗಿ ಹುಟ್ಟದವನು ರಾಜನಾದ ಎಂಬುದೇ ಇಲ್ಲಿಯ ಬೆರಗು. ಅವನನ್ನು ಹುಟ್ಟಾ ರಾಜಕುಮಾರನಾಗಿ ಮಾಡಿದ ಕ್ಷಣ ಆ ಬೆರಗು ಹೋಯಿತು. ರಾಜ್ಯ ರಕ್ತದಿಂದಲೇ ಬರಬೇಕು ಎಂಬ ಇನ್ನೊಂದು ಕಾಲದ ನಂಬಿಕೆ ಆ ಜಾಗಕ್ಕೆ ಬಂದು ಕೂತಿತು. ಇದನ್ನೇ ಕಾರಣದ ತಪ್ಪು ಎನ್ನುವುದು.

4ನೇ ಶತಮಾನದ ಕದಂಬರನ್ನು ಚಿತ್ರಿಸುವವರು ಗಮನಿಸಬೇಕಾದ ಇನ್ನಷ್ಟು ಸಂಗತಿಗಳಿವೆ. ಮಯೂರಶರ್ಮನದೆಂದು ಹೇಳುವ ಚಂದ್ರವಳ್ಳಿ ಶಾಸನದ ಭಾಷೆ ಪ್ರಾಕೃತ. ಜನ ಕನ್ನಡ ಆಡುತ್ತಿದ್ದರೂ ರಾಜನ ಬರಹ ಕನ್ನಡದಲ್ಲಿರಲಿಲ್ಲ. ಆಸ್ಥಾನದಲ್ಲಿ ಓಲೆ ಓದುವ ದೃಶ್ಯವಿದ್ದರೆ ಆ ಓಲೆಯ ಲಿಪಿ ಇಂದಿನ ಕನ್ನಡದಂತೆ ಕಾಣಬಾರದು. ಈಗ ನಾವು ನೋಡುವ ಮಧುಕೇಶ್ವರ ದೇವಾಲಯ ಹಲವು ಕಾಲದ ಕಟ್ಟಡ. ಅದರ ಮಂಟಪಗಳಲ್ಲಿ ಚಾಲುಕ್ಯ, ಹೊಯ್ಸಳ ಕಾಲದ ಕೆಲಸವಿದೆ, ಸೋದೆ ಅರಸರ ಕಾಲದ ಕಲ್ಲುಮಂಚವಿದೆ. ಅದನ್ನೇ ಹಿನ್ನೆಲೆಯಾಗಿಟ್ಟು ಮಯೂರನ ಪಟ್ಟಾಭಿಷೇಕ ತೋರಿಸಿದರೆ ಎಂಟುನೂರು, ಸಾವಿರ ವರ್ಷ ಮುಂದಿನ ಕಲ್ಲಿನ ಎದುರು ಅವನನ್ನು ನಿಲ್ಲಿಸಿದಂತಾಗುತ್ತದೆ. ಆ ಕಾಲದ ಬನವಾಸಿಯಲ್ಲಿ ಉತ್ಖನನಕಾರರಿಗೆ ಸಿಕ್ಕಿದ್ದು ಮುಖ್ಯವಾಗಿ ಇಟ್ಟಿಗೆ. ಎತ್ತರದ ರಾಯಗೋಪುರ ಆಗ ಇರಲೇ ಇಲ್ಲ. ಹಳದಿ-ಕೆಂಪು ಬಾವುಟವಂತೂ 1960ರ ದಶಕದ್ದು.

ಗೇರುಸೊಪ್ಪೆ: ರಾಣಿಗೆ ವಯಸ್ಸಾಗುವುದೇ ಇಲ್ಲ

ಚೆನ್ನಭೈರಾದೇವಿಯ ಕಥೆ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಒಂದು ಸಣ್ಣ ಲೆಕ್ಕ. ಆಳ್ವಿಕೆ 1552ರಿಂದ 1606ರ ತನಕ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಪಟ್ಟಕ್ಕೆ ಬಂದಾಗ ಇಪ್ಪತ್ತು ವರ್ಷ ಎಂದಿಟ್ಟುಕೊಂಡರೂ ಕೊನೆಯ ಯುದ್ಧದ ಹೊತ್ತಿಗೆ ಎಪ್ಪತ್ತು ದಾಟಿರುತ್ತದೆ. ಆದರೆ ಪೋಸ್ಟರುಗಳಲ್ಲಿ, ಅನಿಮೇಷನ್ ತುಣುಕುಗಳಲ್ಲಿ ಬರುವ ರಾಣಿಗೆ ಸದಾ ಇಪ್ಪತ್ತೈದು. ಅವಳ ಸಮಕಾಲೀನ ಭಾವಚಿತ್ರ ಯಾವುದೂ ನಮಗೆ ಉಳಿದಿಲ್ಲ, ಆದ್ದರಿಂದ ಮುಖ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಪೂರ್ತಿ ಇದೆ. ವಯಸ್ಸನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಅರ್ಧ ಶತಮಾನ ಸಿಂಹಾಸನದಲ್ಲಿ ಕೂತು ಮುಪ್ಪಾದ ಹೆಣ್ಣೊಬ್ಬಳು ಕೊನೆಯ ಸೋಲನ್ನು ಎದುರಿಸುವುದು ನಟಿಯೊಬ್ಬಳಿಗೆ ಸಿಗಬಹುದಾದ ಅಪರೂಪದ ಪಾತ್ರ.

ಎರಡನೆಯದು, ವೈರಿ ಯಾರು ಎಂಬ ಪ್ರಶ್ನೆ. ಜನಪ್ರಿಯ ಕಥನದಲ್ಲಿ ಅವಳು ಪೋರ್ಚುಗೀಸರ ವಿರುದ್ಧ ಹೋರಾಡಿ ಬಿದ್ದ ವೀರರಾಣಿ. ಉಳ್ಳಾಲದ ಅಬ್ಬಕ್ಕನೂ ಅದೇ ಶತಮಾನದ ಜೈನ ರಾಣಿಯಾದ್ದರಿಂದ ಇಬ್ಬರ ಕಥೆಗಳು ಕಲಸಿಹೋಗಿವೆ. ಚೌಟರ ಅಬ್ಬಕ್ಕನ ಸಾಹಸವನ್ನು ಸಾಳುವರ ಚೆನ್ನಭೈರಾದೇವಿಗೆ ಅಂಟಿಸುವುದೂ ಉಂಟು. ಪೋರ್ಚುಗೀಸರ ಜೊತೆ ಗೇರುಸೊಪ್ಪೆಗೆ ಯುದ್ಧಗಳಾದದ್ದು ನಿಜ. 1569ರಲ್ಲಿ ಅವರು ಹೊನ್ನಾವರದ ಕೋಟೆ ಹಿಡಿದರು, ಪೋರ್ಚುಗೀಸರ ವಿರುದ್ಧದ 1570-71ರ ದೊಡ್ಡ ಒಕ್ಕೂಟದ ಯುದ್ಧದಲ್ಲಿ ರಾಣಿಯ ಪಡೆ ಆ ಕೋಟೆಗೆ ಮುತ್ತಿಗೆ ಹಾಕಿತು. ಆದರೆ ಯುದ್ಧದ ನಡುವಿನ ವರ್ಷಗಳಲ್ಲಿ ವ್ಯಾಪಾರ ನಡೆಯುತ್ತಿತ್ತು. ಅವಳನ್ನು ‘ರೈನ್ಹಾ ದ ಪಿಮೆಂಟಾ’, ಮೆಣಸಿನ ರಾಣಿ ಎಂದು ಕರೆದವರು ಅವಳಿಂದ ಮೆಣಸು ಕೊಳ್ಳುತ್ತಿದ್ದ ಪೋರ್ಚುಗೀಸರೇ. ಅವಳ ರಾಜ್ಯವನ್ನು ಮುಗಿಸಿದವನು ಕೆಳದಿಯ ವೆಂಕಟಪ್ಪ ನಾಯಕ. ಬಿಳಗಿಯ ಅರಸರೂ ಕೆಳದಿಯ ಪಕ್ಕ ನಿಂತಿದ್ದರು ಎಂಬುದು ರೂಢಿಯ ಮಾತು.

ಇದು ಏಕೆ ಹೀಗಾಯಿತು ಎನ್ನುವುದಕ್ಕೆ ಉತ್ತರ ಭೂಗೋಳದಲ್ಲಿದೆ. ಮೆಣಸು ಬೆಳೆಯುವುದು ಘಟ್ಟದ ಮೇಲಿನ ತೋಟಗಳಲ್ಲಿ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು, ಒಣಗಿಸಿ, ಎತ್ತುಗಳ ಮೇಲೆ ಹೇರಿ ಘಟ್ಟ ಇಳಿಸಬೇಕು. ಗೇರುಸೊಪ್ಪೆ ಇರುವುದು ಘಟ್ಟದ ಬುಡದಲ್ಲಿ. ಶರಾವತಿಯಲ್ಲಿ ದೋಣಿ ಸಾಗುವ ಕೊನೆಯ ಜಾಗ ಅದು, ಅಲ್ಲಿಂದ ಹೊನ್ನಾವರಕ್ಕೆ ಸುಮಾರು 30 ಕಿ.ಮೀ. ನೀರಿನ ದಾರಿ. ಎತ್ತಿನ ದಾರಿ ಮುಗಿದು ದೋಣಿಯ ದಾರಿ ಶುರುವಾಗುವ ಗಂಟು ಯಾರ ಕೈಯಲ್ಲಿದೆಯೋ ಮೆಣಸಿನ ಸುಂಕ ಅವರ ಕೈಯಲ್ಲಿ. ಸಮುದ್ರದ ಕಡೆಯಿಂದ ಪೋರ್ಚುಗೀಸರಿಗೆ ಅವಳು ಬೇಕಿತ್ತು, ಅವಳಿಲ್ಲದೆ ಸರಕು ಬರುತ್ತಿರಲಿಲ್ಲ. ಘಟ್ಟದ ಮೇಲಿನ ಕೆಳದಿಗೆ ಬೇಕಾದದ್ದು ಸಮುದ್ರಕ್ಕೆ ಇಳಿಯುವ ದಾರಿ, ಅದಕ್ಕೆ ಅವಳು ಅಡ್ಡವಾಗಿದ್ದಳು. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಹಿಡಿತ ಸಡಿಲವಾದ್ದರಿಂದ ಈ ಜಗಳ ಬಿಡಿಸಲು ಮೇಲೆ ಯಾರೂ ಇರಲಿಲ್ಲ. ‘ನಮ್ಮವರು ಮತ್ತು ಪರಂಗಿಗಳು’ ಎಂಬ ಎರಡೇ ಬಣದಲ್ಲಿ ಇಡೀ ಕಥೆ ತುರುಕಿದರೆ ಇದ್ಯಾವುದೂ ಉಳಿಯುವುದಿಲ್ಲ. ವೆಂಕಟಪ್ಪ ನಾಯಕನನ್ನು ಕೊನೆಯ ಹತ್ತು ನಿಮಿಷದ ದ್ರೋಹಿಯಾಗಿ ತಂದು ನಿಲ್ಲಿಸಬೇಕಾಗುತ್ತದೆ. ಅವನೂ ತನ್ನ ನಾಡಿನ ದೊಡ್ಡ ಅರಸ, ತನ್ನ ಲೆಕ್ಕದಲ್ಲಿ ಸರಿಯಾಗಿಯೇ ನಡೆದವನು.

ಹೊನ್ನಾವರದ ತಿಮ್ಮಯ್ಯನ ಕಥೆಗೂ ಇದೇ ಗತಿ ಬರುತ್ತದೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆ ಹಿಡಿದಾಗ ದಾರಿ ತೋರಿಸಿ ಜೊತೆಗೆ ಹಡಗು ತಂದವನು ಈ ತಿಮ್ಮಯ್ಯ. ಅವನು ನಾಯಕನೋ ಖಳನೋ ಎಂದು ಮೊದಲೇ ತೀರ್ಮಾನಿಸಿ ಹೊರಟವರಿಗೆ ಅವನು ದಕ್ಕುವುದಿಲ್ಲ. ಬಿಜಾಪುರ, ವಿಜಯನಗರ, ಪೋರ್ಚುಗಲ್ ಮೂರರ ನಡುವೆ ಹಡಗು ನಡೆಸಿ ಬದುಕಿದವನು ಅವನು.

ಇನ್ನು ದೃಶ್ಯದ ವಿವರಗಳು. ಸಮುದ್ರಯಾನದ ದೊಡ್ಡ ಹಡಗು ಶರಾವತಿಯೊಳಗೆ ಹಾಯಿ ಬಿಚ್ಚಿ ಬರುವುದು ಗ್ರಾಫಿಕ್ಸಿನಲ್ಲಿ ಭವ್ಯವಾಗಿ ಕಾಣಬಹುದು. ಹೊನ್ನಾವರದ ಅಳಿವೆಯ ಮರಳು ದಿಬ್ಬ ಅದಕ್ಕೆ ಬಿಡುವುದಿಲ್ಲ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಹುಟ್ಟು ಹಾಕುವ ಸಣ್ಣ ಹಡಗುಗಳು ಮಾತ್ರ ಉಬ್ಬರದ ಹೊತ್ತು ನೋಡಿ ಒಳಗೆ ಬರಬೇಕು. ಹಡಗಿನ ಫಿರಂಗಿಯಿಂದ ಹಾರುತ್ತಿದ್ದದ್ದು ಗಟ್ಟಿ ಕಬ್ಬಿಣ ಅಥವಾ ಕಲ್ಲಿನ ಗುಂಡು. ಅದು ಗೋಡೆ ಒಡೆಯುತ್ತದೆ, ಮರ ಸೀಳುತ್ತದೆ, ಬಿದ್ದಲ್ಲಿ ಬೆಂಕಿಯುಂಡೆಯಾಗಿ ಸಿಡಿಯುವುದಿಲ್ಲ. ಕೋವಿ ಎಂದರೆ ಉರಿಯುವ ಬತ್ತಿಯಿಂದ ಹೊತ್ತಿಸುವ ಕೋವಿ: ಒಂದು ಗುಂಡು ಹಾರಿಸಿ ಮತ್ತೆ ತುಂಬಲು ಅರ್ಧದಿಂದ ಒಂದು ನಿಮಿಷ ಬೇಕು, ಮಳೆ ಬಂದರೆ ಬತ್ತಿ ಆರುತ್ತದೆ. ಸಾಲಾಗಿ ನಿಂತು ಬಿಡುವಿಲ್ಲದೆ ಗುಂಡು ಹಾರಿಸುವ ಪಡೆ ಆ ಶತಮಾನದ್ದಲ್ಲ.

ಮೆಣಸಿನ ರಾಣಿಯ ಚಿತ್ರದಲ್ಲಿ ಮೆಣಸೇ ತಪ್ಪಾಗಬಾರದು. ಬಳ್ಳಿಯಲ್ಲಿ ಇರುವಾಗ ಗೊಂಚಲು ಹಸಿರು, ಅಲ್ಲೊಂದು ಇಲ್ಲೊಂದು ಕಾಳು ಕೆಂಪು. ಕಪ್ಪಾಗುವುದು ಬಿಸಿಲಿನಲ್ಲಿ ಕೆಲವು ದಿನ ಒಣಗಿದ ಮೇಲೆ. ಕೊಯ್ಲು ಡಿಸೆಂಬರಿನಿಂದ ಮಾರ್ಚಿನೊಳಗೆ. ನೂರು ಕಿಲೋ ಹಸಿ ಕಾಳು ಒಣಗಿದರೆ ಸಿಗುವುದು ಮೂವತ್ತಮೂರು ಕಿಲೋ ಆಸುಪಾಸು. ಹಾಗಾಗಿ ಅಂಗಳದ ತುಂಬ ಹರಡಿದ ಹಸಿರು ರಾಶಿ, ಮೂಲೆಯಲ್ಲಿ ಸಣ್ಣದಾದ ಕಪ್ಪು ರಾಶಿ ಎರಡೂ ಒಂದೇ ಚೌಕಟ್ಟಿನಲ್ಲಿ ಬಂದರೆ ಆ ಸಂಪತ್ತಿನ ಬೆಲೆ ಮಾತಿಲ್ಲದೆ ತಿಳಿಯುತ್ತದೆ. ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿಯ ಹಾರ ನೇತಾಡಬಾರದು. ಅಮೆರಿಕದ ಈ ಕಾಯಿ ಪೋರ್ಚುಗೀಸರ ಮೂಲಕ ಬಂದದ್ದು, ರಾಣಿಯ ಕಾಲಕ್ಕೆ ಗೋವೆಯ ಬಂದರಿನಲ್ಲಿ ಕಂಡಿದ್ದರೂ ಘಟ್ಟದ ಒಲೆಗೆ ಆಗಲೇ ಇಳಿದಿತ್ತು ಎನ್ನಲಾಗದು. ನಮ್ಮ ಭಾಷೆಯೇ ಇದನ್ನು ಹಿಡಿದಿಟ್ಟಿದೆ. ‘ಮೆಣಸು’ ಎಂದರೆ ಮೊದಲು ಇದೇ ಕಾಳು. ಆಮೇಲೆ ಬಂದದ್ದು ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ಮೆಣಸಿನಕಾಯಿ. ಹೊಸದು ಹೆಸರನ್ನು ಕಸಿದುಕೊಂಡ ಮೇಲೆ ಹಳೆಯದು ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹೊತ್ತು ತಿರುಗಬೇಕಾಯಿತು. ಆಲೂಗಡ್ಡೆ, ಟೊಮೆಟೊ ಹಾಗೂ ಪಪ್ಪಾಯಿ ಕೂಡ ಅದೇ ದಾರಿಯಲ್ಲಿ ಬಂದವು. ಗೇರು ಸಹ. ಊರಿನ ಹೆಸರು ಗೇರುಸೊಪ್ಪೆ ಎಂದಿರುವುದನ್ನು ಕೇಳಿ ಗೇರುತೋಪಿನಲ್ಲಿ ಹಾಡು ತೆಗೆಯಲು ಹೊರಡುವವರು ಒಮ್ಮೆ ನಿಂತು ಯೋಚಿಸಬೇಕು.

ಪೋರ್ಚುಗೀಸ್ ಕಪ್ತಾನ ಗ್ರಾಂಥಿಕ ಕನ್ನಡವನ್ನೋ ಇಂಗ್ಲಿಷನ್ನೋ ಆಡುವುದು ಇನ್ನೊಂದು ರೂಢಿ. ನಡುವೆ ದುಭಾಷಿಯೊಬ್ಬ ಇರಲೇಬೇಕಿತ್ತು. ಕೊಂಕಣಿ ಬಲ್ಲ, ಪೋರ್ಚುಗೀಸ್ ಕಲಿತ, ಇಬ್ಬರ ಸಿಟ್ಟನ್ನೂ ಮೃದು ಮಾಡಿಯೋ ಕೆರಳಿಸಿಯೋ ದಾಟಿಸುವ ಮನುಷ್ಯ. ಅವನನ್ನು ಬಿಟ್ಟರೆ ಮಾತುಕತೆಯ ದೃಶ್ಯದ ಅರ್ಧ ಬಲ ಹೋಗುತ್ತದೆ.

ಹಿನ್ನೆಲೆ ಹೇಳುವ ಸುಳ್ಳು

ಪಾತ್ರಗಳ ಹಿಂದಿನ ಗಿಡಮರ, ಸೂರು, ಆಕಾಶ ಇವುಗಳ ತಪ್ಪು ಊರಿನವರಿಗೆ ಮೊದಲು ಕಣ್ಣಿಗೆ ಬೀಳುತ್ತದೆ. ಕಾರವಾರದ ಕಡಲ ತೀರದ ಗಾಳಿಮರ 1868ರಲ್ಲಿ ಉರುವಲಿಗಾಗಿ ನೆಟ್ಟು ಬೆಳೆಸಿದ ಹೊರನಾಡ ಮರ. 1665ರಲ್ಲಿ ಶಿವಾಜಿ ಕಾರವಾರಕ್ಕೆ ಬಂದು ಕಾಣಿಕೆ ವಸೂಲು ಮಾಡಿದ ಪ್ರಸಂಗವನ್ನು ಆ ಮರಗಳ ಸಾಲಿನಲ್ಲಿ ತೆಗೆದರೆ ಎರಡು ಶತಮಾನ ತಪ್ಪುತ್ತದೆ. ಅದೇ ಪ್ರಸಂಗಕ್ಕೆ ಸದಾಶಿವಗಡವನ್ನು ಬಳಸುವುದೂ ತಪ್ಪು, ಆ ಕೋಟೆ 18ನೇ ಶತಮಾನದ ಆರಂಭದಲ್ಲಿ ಸೋದೆ ಅರಸರು ಕಟ್ಟಿದ್ದು. ಈಗಿನ ಕಾರವಾರ ಪಟ್ಟಣವೂ 19ನೇ ಶತಮಾನದ್ದು, ಹಳೆಯ ಬಂದರು ಇದ್ದದ್ದು ಕಾಳಿ ನದಿಯ ಒಳಗಡೆ ಕಡವಾಡದಲ್ಲಿ. ಗುಡ್ಡದ ತುಂಬ ಇರುವ ಅಕೇಶಿಯ ಕಳೆದ ನಾಲ್ಕೈದು ದಶಕದ ನೆಡುತೋಪು. ಸಾಲಿಗೆ ಸಾಲು ಒಂದೇ ಎತ್ತರ, ಕಾಡು ಎಂದು ತೋರಿಸಿದರೆ ಯಾವ ಹಾಲಕ್ಕಿ ಅಜ್ಜಿಯೂ ನಂಬಲಾರಳು.

ಮಂಗಳೂರು ಹೆಂಚಿನ ಮೊದಲ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದಕ್ಕೆ ಹಿಂದೆ ಸೂರಿಗೆ ಅಡಿಕೆ ಸೋಗೆ, ಕರಡ, ಅನುಕೂಲಸ್ಥರಿಗೆ ಕೈಯಲ್ಲಿ ಮಾಡಿದ ನಾಡಹೆಂಚು. ಸೆಟ್ ಹಾಕುವವರಿಗೆ ಸೋಗೆ ಅಗ್ಗ, ಆದರೂ ಬಾಡಿಗೆಗೆ ಸಿಗುವ ಹಳೆಯ ಮನೆಯ ಹೆಂಚೇ ತೆರೆಗೆ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಮಳೆಯದ್ದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಚಿತ್ರೀಕರಣ ನಡೆಯುವುದು ನವೆಂಬರಿನಿಂದ ಮೇ ತನಕ. ಇದರ ಫಲವಾಗಿ ಕರಾವಳಿಯ ಇತಿಹಾಸಕ್ಕೆ ತೆರೆಯ ಮೇಲೆ ಮಳೆಗಾಲವೇ ಇಲ್ಲದಂತಾಗಿದೆ. ಹಾಯಿ ಹಡಗಿನ ಕಾಲದಲ್ಲಿ ಮಳೆಗಾಲವೆಂದರೆ ಸಮುದ್ರ ಮುಚ್ಚಿದ ಕಾಲ. ಬಂದರು ನಿಂತಿತು, ಯುದ್ಧ ನಿಂತಿತು, ಹೊರಗಿನ ಸುದ್ದಿ ನಿಂತಿತು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿದ ಮೇಲೆ ದೋಣಿ ಇಳಿಸುವ ಪದ್ಧತಿ ಈಗಲೂ ಇದೆ. ಜುಲೈ ತಿಂಗಳ ಘಟನೆ ಎಂದು ಹೇಳಿ ಹಡಗು ಕಾಳಗ ತೋರಿಸಿದರೆ ಅದು ಅಂದಾಜಿನ ತಪ್ಪಲ್ಲ, ಅಸಾಧ್ಯ. ಮಳೆಯಲ್ಲಿ ನಡೆಯುವವರ ತಲೆಯ ಮೇಲೆ ಕಂಬಳಿಕೊಪ್ಪೆ, ಗದ್ದೆಯಲ್ಲಿ ಬಗ್ಗಿದ ಹೆಂಗಸರ ಬೆನ್ನ ಮೇಲೆ ಗೊರಬು, ಮಣ್ಣಿನ ಗೋಡೆಗೆ ಕಟ್ಟಿದ ಸೋಗೆಯ ಮರೆ ಇವೆಲ್ಲ ತೆರೆಯ ಮೇಲೆ ಬಂದರೆ ಕರಾವಳಿ ತಾನಾಗಿ ಕಾಣುತ್ತದೆ.

1930: ಮಾಮಲೇದಾರನೋ ಅಮಲ್ದಾರನೋ

ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ. ಆ ಕಾಲದ ಕಥೆಗಳಲ್ಲಿ ಹೆಚ್ಚು ಎಡವುವುದು ಆಡಳಿತದ ವಿಷಯದಲ್ಲಿ. 1862ರಲ್ಲಿ ಈ ಜಿಲ್ಲೆ ಮದ್ರಾಸ್‌ನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಮುಂಬಯಿಯ ಕೆಳಗೇ ಇತ್ತು. ಆದ್ದರಿಂದ ತಾಲೂಕಿನ ಅಧಿಕಾರಿ ಮಾಮಲೇದಾರ. ಮೈಸೂರು ಸಂಸ್ಥಾನದ ಅಮಲ್ದಾರನನ್ನು ಅಂಕೋಲೆಯ ಕಚೇರಿಯಲ್ಲಿ ಕೂರಿಸುವುದು ತಪ್ಪು. ಹಳ್ಳಿಯಲ್ಲಿ ಪಟೇಲ, ಶಾನಭೋಗ. ಕಚೇರಿಯ ಫಲಕದ ಮೇಲೆ ಆಗಿನ ಸರ್ಕಾರಿ ಹೆಸರು ನಾರ್ತ್ ಕೆನರಾ. ನಾಯಕ ರೈಲಿನಿಂದ ಇಳಿಯುವಂತಿಲ್ಲ, ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿದು ಬರಬೇಕು, ಇಲ್ಲವೇ ಮುಂಬಯಿಯಿಂದ ಆಗಬೋಟಿನಲ್ಲಿ ಕಾರವಾರ. ನದಿ ಬಂದಲ್ಲೆಲ್ಲ ತಾರಿ ದೋಣಿಗೆ ಕಾಯಬೇಕು.

ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಭೂಮಿ ಕಳೆದುಕೊಂಡರು. ಜಪ್ತಿಗೆ ಬಂದವರಲ್ಲಿ ಬಿಳಿಯರು ವಿರಳ: ಮಾಮಲೇದಾರ, ಪೋಲೀಸರು, ಪಟೇಲ ಎಲ್ಲರೂ ಕನ್ನಡ, ಕೊಂಕಣಿ, ಮರಾಠಿ ಆಡುವವರು. ಪಾತ್ರೆ, ದನ, ಬಾಗಿಲು ಹೋದ ಮನೆಯಲ್ಲಿ ಹೆಂಗಸರು ಮಳೆಗಾಲ ಕಳೆಯಬೇಕಾಯಿತು. ಬಿಳಿಯ ಅಧಿಕಾರಿಯೊಬ್ಬನ ಎದೆಗೆ ಗುಂಡು ಹಾರಿಸುವ ನಾಯಕನನ್ನು ಇಲ್ಲಿ ಸೃಷ್ಟಿಸಿದರೆ ಆ ಚಳವಳಿಯ ಬೆನ್ನೆಲುಬೇ ಮುರಿಯುತ್ತದೆ. ಕೈ ಎತ್ತದೆ ಹೊಲ ಬಿಟ್ಟುಕೊಟ್ಟವರ ಹಟ ಅದು.

ತಪ್ಪು ಹುಟ್ಟುವ ಜಾಗ

ಇದೆಲ್ಲ ಅಜ್ಞಾನದಿಂದ ಆಗುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಕೆಲಸದ ಸರದಿಯೇ ತಪ್ಪನ್ನು ಹುಟ್ಟಿಸುತ್ತದೆ. ಮೊದಲು ನಾಯಕ ನಟನ ದಿನಾಂಕ ಸಿಗುತ್ತದೆ, ಆಮೇಲೆ ಸ್ಥಳ, ಆಮೇಲೆ ಸೆಟ್ಟು ಮತ್ತು ಬಟ್ಟೆ. ಇತಿಹಾಸ ಬಲ್ಲವರನ್ನು ಕರೆಯುವುದು ಬಹುತೇಕ ಕೊನೆಗೆ, ಆಗ ಅವರು ‘ಹೌದು’ ಎನ್ನಬಹುದೇ ಹೊರತು ಏನನ್ನೂ ಬದಲಿಸಲಾಗದು. ಕೋಟೆ ಕಟ್ಟಿ ಮುಗಿದ ಮೇಲೆ ಕಲ್ಲು ತಪ್ಪು ಎಂದರೆ ಯಾರು ಕೇಳುತ್ತಾರೆ? ನಿಜವಾದ ಸ್ಥಳದಲ್ಲಿ ತೆಗೆಯುವುದೂ ಸುಲಭವಲ್ಲ. ಸಂರಕ್ಷಿತ ಸ್ಮಾರಕಕ್ಕೆ ಮುಂಚಿತ ಅನುಮತಿ ಬೇಕು, ಮೊಳೆ ಹೊಡೆಯುವಂತಿಲ್ಲ. ಕಾಡಿನೊಳಗಿನ ಜಾಗಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಅಂಜದೀವ ದ್ವೀಪ ಈಗ ಕಾರವಾರದ ನೌಕಾನೆಲೆಯೊಳಗಿದೆ. ಹೀಗಾಗಿ ಎಲ್ಲಿಯೋ ತೆಗೆದು ಇಲ್ಲಿಯದೆಂದು ತೋರಿಸುವುದು ಅನಿವಾರ್ಯವಾಗುತ್ತದೆ, ಜೊತೆಗೆ ಗ್ರಾಫಿಕ್ಸಿನವರ ಬಳಿ ತಯಾರಿರುವ ಹಡಗುಗಳು 18ನೇ ಶತಮಾನದ ಯುರೋಪಿನವು.

ಸೆನ್ಸಾರ್ ಮಂಡಳಿ ಇದನ್ನು ತಡೆಯಬೇಕು ಎನ್ನುವವರು 1952ರ ಸಿನಿಮಾಟೋಗ್ರಾಫ್ ಕಾಯ್ದೆ ನೋಡಬೇಕು. ಅಲ್ಲಿ ನೋಡುವುದು ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ ಇತ್ಯಾದಿ. ಇತಿಹಾಸ ಸರಿಯೇ ಎಂಬುದು ಪ್ರಮಾಣಪತ್ರದ ವಿಷಯವಲ್ಲ. 2018ರ ‘ಪದ್ಮಾವತ್’ ವಿವಾದದಲ್ಲಿ ವಿಶೇಷ ಸಲಹಾ ಸಮಿತಿ ಕೂತಿತು, ಹೆಸರು ಬದಲಾಯಿತು, ನಿರಾಕರಣೆಯ ಸಾಲುಗಳು ಸೇರಿದವು. ಅಲ್ಲಿ ಇತಿಹಾಸಕ್ಕಿಂತ ಹೆಚ್ಚು ಚರ್ಚೆಯಾದದ್ದು ಯಾರ ಭಾವನೆಗೆ ನೋವಾಯಿತು ಎಂಬುದು. ಸರ್ಕಾರ ಇತಿಹಾಸ ತಿದ್ದುವ ಕತ್ತರಿ ಹಿಡಿಯುವುದು ತಪ್ಪು ಸಿನಿಮಾಕ್ಕಿಂತ ಅಪಾಯಕಾರಿ. ಈ ಕೆಲಸ ಬರೆಯುವ ಮೇಜಿನ ಮೇಲೆಯೇ ಆಗಬೇಕು.

ಅದಕ್ಕೆ ಬೇಕಾದದ್ದು ದೊಡ್ಡ ಖರ್ಚಲ್ಲ. ಪ್ರತಿ ದೃಶ್ಯದ ಪಕ್ಕ ಇಸವಿ, ತಿಂಗಳು, ಸ್ಥಳ, ಪಾತ್ರದ ವಯಸ್ಸು ಬರೆಯುವುದು. ತಿಂಗಳು ಬರೆದೊಡನೆ ಮಳೆ, ಬೆಳೆ, ಸಮುದ್ರ ಮೂರೂ ತಾವಾಗಿ ಸರಿಯಾಗುತ್ತವೆ. ಆಮೇಲೆ ಆ ದೃಶ್ಯ ಶಾಸನದಿಂದ ಬಂದದ್ದೇ, ಪ್ರವಾಸಿಯ ಬರಹದಿಂದಲೇ, ಊರಿನ ಬಾಯಿಮಾತಿನಿಂದಲೇ, ಬರೀ ಕಲ್ಪನೆಯೇ ಎಂದು ಗುರುತು ಹಾಕುವುದು. ಕಲ್ಪನೆಯ ದೃಶ್ಯ ಎಷ್ಟಿದ್ದರೂ ಚಿಂತೆಯಿಲ್ಲ, ಆದರೆ ಶಾಸನ ಹೇಳಿದ ಕಾರಣವನ್ನು ಅದು ಅಳಿಸಬಾರದು. ಹುಡುಕುವವರು ಒಂದು ಸಂಗತಿ ನೆನಪಿಡಬೇಕು: ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆ ಹಳೆಯ ಮೈಸೂರಿನ ಸೀಮೆಯದ್ದು, ಅದರಲ್ಲಿ ತಾಳಗುಂದ ಸಿಗುತ್ತದೆ, ಹೊನ್ನಾವರ, ಭಟ್ಕಳ ಸಿಗುವುದಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಯ ಶಾಸನಗಳಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳನ್ನು ತೆರೆಯಬೇಕು. ಬಟ್ಟೆ, ಆಯುಧ, ಕೇಶವಿನ್ಯಾಸಕ್ಕೆ ವೀರಗಲ್ಲು, ಮಾಸ್ತಿಕಲ್ಲು ಮತ್ತು ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಗೋಡೆಯ ಶಿಲ್ಪಗಳು 16ನೇ ಶತಮಾನವನ್ನು ಕಲ್ಲಿನಲ್ಲೇ ತೋರಿಸುತ್ತವೆ.

ಬಾಯಿಮಾತು ಮತ್ತು ದಾಖಲೆ ಎರಡೂ ಬೆರೆತ ಒಂದು ಬರಹ ಗೇರುಸೊಪ್ಪೆಯ ಬಗ್ಗೆಯೇ ಇದೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಹೊರಟು ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ರಾಣಿ ಒಬ್ಬ ಸಾಮಾನ್ಯನನ್ನು ನಂಬಿ ಕೆಟ್ಟಳು ಎಂಬ ಕಥೆಯನ್ನು ಅವನು ಬರೆದಿಟ್ಟ. ಅದು ಗೆದ್ದವರ ನಾಡಿನಲ್ಲಿ ಓಡಾಡುತ್ತಿದ್ದ ಮಾತು, ಅದನ್ನು ಹಾಗೆಂದೇ ಓದಬೇಕು. ಕಣ್ಣಾರೆ ಕಂಡದ್ದನ್ನೂ ಅವನು ಬರೆದಿದ್ದಾನೆ: ಒಂದು ಕಾಲದ ದೊಡ್ಡ ನಗರ ಮತ್ತು ಅರಮನೆ ಬಿದ್ದುಹೋಗಿ ಮೇಲೆ ಮರಗಳು ಬೆಳೆದಿದ್ದವು, ಉಳಿದದ್ದು ರೈತರ ಕೆಲವು ಗುಡಿಸಲು. ರಾಣಿ ಹೋಗಿ ಆಗ ಹದಿನೇಳು ವರ್ಷ. ಇವತ್ತು ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಮಳೆ ಬಿಟ್ಟ ಸೆಪ್ಟೆಂಬರಿನಲ್ಲಿ ಹೋದರೆ ಸುತ್ತಲಿನ ಕಾಡು ಹಾಗೇ ಇದೆ, ಬುಡದ ಕಲ್ಲುಗಳನ್ನು ಹುಡುಕಿ ನೋಡಬೇಕು.